ಪೂಜೆಗೆ ಕೂರದ ಮಡಚುವ ಚಾಕು

ಸವಣೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿಯಿದೆ. ಜನರ ಅರ್ಜಿ ಟೈಪು ಮಾಡಿಕೊಡುವುದು ನನ್ನ ಕಸುಬು. ‘ಸವಿನಯ ವಿನಂತಿ ಏನೆಂದರೆ’ ಎಂದು ದಿನಕ್ಕೆ ಇಪ್ಪತ್ತು ಸಲ ಊರಿನವರ ಪರವಾಗಿ ಬರೆಯುವ ನಾನು, ಇಂದು ನನ್ನ ಪರವಾಗಿಯೇ ಒಂದು ಬರೆಯುತ್ತಿದ್ದೇನೆ. ವಿಷಯ: ಮಡಚುವ ಚಾಕುವೊಂದರಿಂದ ನನ್ನ ಮಾನಕ್ಕಾದ ಹಾನಿಯ ಕುರಿತು.

ಹೋದ ವರ್ಷ ಆ ಚಾಕುವನ್ನು ಹುಬ್ಬಳ್ಳಿಯಲ್ಲಿ ಕೊಂಡೆ. ಮರದ ಹಿಡಿಕೆ, ಮುಖ ಕಾಣುವಷ್ಟು ಹೊಳೆಯುವ ಅಲಗು. ಬಿಚ್ಚಿದರೆ ‘ಟಕ್’, ಮಡಚಿದರೆ ‘ಟಕ್’. ಅಂಗಡಿಯವನು “ಜೀವಮಾನ ಪೂರ್ತಿ ಬಾಳತೈತ್ರಿ” ಎಂದ. ಯಾರ ಜೀವಮಾನ ಎಂದು ನಾನು ಕೇಳಲಿಲ್ಲ.

“ಗಿರಿಜಾ, ಇನ್ನ ಮ್ಯಾಲೆ ಈ ಮನಿಗೆ ಈಳಿಗಿ ಬ್ಯಾಡ, ಕತ್ತರಿ ಬ್ಯಾಡ, ಸ್ಕ್ರೂ ಡ್ರೈವರ್ ಬ್ಯಾಡ. ಎಲ್ಲಾ ನನ್ನ ಕಿಸೇದಾಗ ಐತಿ!” ಎಂದು ಹೆಂಡತಿಯ ಮುಂದೆ ಘೋಷಿಸಿದೆ.

“ಹಂಗಾರ ನಾಳೆ ಬದನಿಕಾಯಿ ಹೆಚ್ಚಾಕ ನೀವ ಬರ್ತೀರೇನು?” ಎಂದಳು. ಇಂಥ ಸಣ್ಣ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ.

ಮೊದಲ ತಿಂಗಳು ನನ್ನದೇ ರಾಜ್ಯಭಾರ. ಕಾಗದದ ಬಂಡಲ್ ಬಿಚ್ಚಿದೆ, ಖಾರಾ ಪೊಟ್ಟಣ ಕತ್ತರಿಸಿದೆ, ಪಪ್ಪಾಯಿ ಹೋಳು ಮಾಡಿದೆ, ಬೆಲ್ಲದ ಅಚ್ಚು ಒಡೆದೆ. ಅದೇ ತುದಿಯಿಂದ ಫ್ಯಾನಿನ ಸ್ವಿಚ್ಚಿನ ಸ್ಕ್ರೂ ತಿರುವಿದೆ. ತುದಿ ಸ್ವಲ್ಪ ಎಡಕ್ಕೆ ಬಾಗಿತು. ತೊಳೆಯುವ ಮಾತೇ ಇರಲಿಲ್ಲ. ಪ್ಯಾಂಟಿಗೆ ಒರೆಸುವುದು, ಮಡಚುವುದು, ಕಿಸೆಗೆ ಇಳಿಸುವುದು. ಹೀಗಾಗಿ ಕೆಲವೇ ವಾರಗಳಲ್ಲಿ ‘ಟಕ್’ ಹೋಗಿ ‘ಕರ್ರ್’ ಬಂತು. ಯಂತ್ರವೆಂದ ಮೇಲೆ ಎಣ್ಣೆ ಬೇಕು ಎಂಬುದು ನನಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಶೇಂಗಾ ಎಣ್ಣೆ ಇತ್ತು!

ಮರುದಿನ ಅಂಗಡಿಯಲ್ಲಿ ಒಬ್ಬರ ಪಹಣಿ ತಿದ್ದುಪಡಿ ಅರ್ಜಿ ಟೈಪು ಮಾಡುತ್ತಿದ್ದಾಗ ತೊಡೆಗೆ ಏನೋ ಕಚ್ಚಿತು. ಆಮೇಲೆ ಇನ್ನೊಂದು. ಎದ್ದು ನಿಂತೆ, ಕುಪ್ಪಳಿಸಿದೆ. ಬೆಲ್ಲದ ಚೂರು, ಶೇಂಗಾ ಎಣ್ಣೆ ಎರಡನ್ನೂ ಹುಡುಕಿಕೊಂಡು ಕೆಂಪಿರುವೆಗಳ ದಂಡೇ ನನ್ನ ಕಿಸೆಯಲ್ಲಿ ಸೇರಿತ್ತು.

“ಅರ್ಜಿ ನಂದೈತ್ರಿ, ನೀವ್ಯಾಕ ಕುಣಿಯಾಕತ್ತೀರಿ?” ಎಂದು ಆ ರೈತರು ಗಾಬರಿಯಾಗಿ ಕೇಳಿದರು.

ಅಷ್ಟರಲ್ಲಿ ಮಹಾನವಮಿ ಬಂತು. ಹಬ್ಬಕ್ಕೆ ಹಿರೇಕೆರೂರಿನಿಂದ ನನ್ನ ಅತ್ತೆ, ಅಂದರೆ ಗಿರಿಜಾಳ ತಾಯಿ, ಬಂದರು. ಮದುವೆಯಾದ ಹದಿನಾಲ್ಕು ವರ್ಷದಿಂದ ಅವರು ಬಂಧುಬಳಗದಲ್ಲಿ ನನ್ನ ಬಗ್ಗೆ ಹೇಳುವುದು ಒಂದೇ ಮಾತು: “ನಮ್ಮ ಅಳಿಯಂದ್ರು ಭಾಳ ಒಳ್ಳೇವ್ರು. ಯಾವುದಕ್ಕೂ ಅಡ್ಡ ಬರಂಗಿಲ್ಲ.” ನಮ್ಮ ಕಡೆ ಇದರ ಅರ್ಥ, ಮನುಷ್ಯ ಯಾವ ಕೆಲಸಕ್ಕೂ ಬರುವುದಿಲ್ಲ ಎಂದು. ಈ ಹಬ್ಬದಲ್ಲಿ ಆ ಮಾತನ್ನು ಹೇಗಾದರೂ ಬದಲಾಯಿಸಬೇಕೆಂದು ಹಟ ತೊಟ್ಟೆ.

ನವಮಿಯ ಬೆಳಿಗ್ಗೆ ಖಂಡೆ ಪೂಜೆ. ಮನೆಯ ಹತಾರಗಳನ್ನೆಲ್ಲ ತೊಳೆದು, ದೇವರ ಮುಂದೆ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಚೆಂಡು ಹೂ ಏರಿಸುತ್ತೇವೆ. ಅವು ವಿಶ್ರಾಂತಿಗೆ ಕುಳಿತ ಮೇಲೆ ಮರುದಿನ ಬನ್ನಿ ಕೊಡುವವರೆಗೆ ಯಾರೂ ಮುಟ್ಟುವಂತಿಲ್ಲ. ಈ ವಿಷಯದಲ್ಲಿ ಅತ್ತೆಯದು ಸುಪ್ರೀಂ ಕೋರ್ಟಿನ ಆದೇಶ. ಈಳಿಗೆ, ಕುಡಗೋಲು, ಕತ್ತರಿ, ಸ್ಕ್ರೂ ಡ್ರೈವರ್, ಕೊನೆಗೆ ತಮ್ಮ ಸಂಚಿಯಲ್ಲಿದ್ದ, ಅಡಿಕೆ ಕತ್ತರಿಸುವ ಅಡಕೊತ್ತನ್ನೂ ಅವರೇ ತಂದು ಸಾಲಿಗೆ ಸೇರಿಸಿದರು.

“ಅಳಿಯಂದ್ರ, ನಿಮ್ಮ ಕಿಸೇದಾಗಿಂದೂ ಇಡ್ರಿ.”

“ಇದು ಭಾಳ ನಾಜೂಕು ಯಂತ್ರ ಐತ್ರಿ ಅತ್ತಿ. ವಿಭೂತಿ ಪುಡಿ ಸಂದಿನ್ಯಾಗ ಹೋದ್ರ ಕೆಡತೈತಿ,” ಎಂದೆ. ಶೇಂಗಾ ಎಣ್ಣೆ ಕುಡಿಸಿದವನ ಬಾಯಲ್ಲಿ ಈ ಮಾತು! ಅತ್ತೆ ವಿಭೂತಿ ಬೆರಳನ್ನು ಮುಂದಿನ ಹತಾರಕ್ಕೆ ಸರಿಸಿದರು.

ಮಧ್ಯಾಹ್ನ ಹೋಳಿಗೆ ಊಟವಾಯಿತು. ಅತ್ತೆಗೆ ಎಲೆ ಅಡಿಕೆ ಬೇಕು. ಎಲೆಗೆ ಸವಣೂರಿನಲ್ಲಿ ಬರವೇ? ಆದರೆ ಇಡೀ ಅಡಿಕೆ ಕೈಯಲ್ಲಿ, ಅಡಕೊತ್ತು ಪೂಜೆಯಲ್ಲಿ. ತಮ್ಮದೇ ಕಾನೂನಿಗೆ ಸಿಕ್ಕಿ ಅವರು ಬರಿ ಎಲೆ ಅಗಿಯುತ್ತ ಕುಳಿತದ್ದನ್ನು ಕಂಡು ನನ್ನ ಎದೆ ಉಬ್ಬಿತು. ಹದಿನಾಲ್ಕು ವರ್ಷ ಕಾದ ಗಳಿಗೆ!

“ಕೊಡ್ರಿ ಇಲ್ಲೆ,” ಎಂದು ಚಾಕು ಬಿಚ್ಚಿ ಅಡಿಕೆಯ ಮೇಲಿಟ್ಟು ಒತ್ತಿದೆ. ಅಡಿಕೆ ಅಲುಗಲಿಲ್ಲ. ಎರಡೂ ಕೈಯಿಂದ ಒತ್ತಿದೆ. ಅಡಿಕೆ ಹಾರಿ, ಗೋಡೆಗೆ ಬಡಿದು, ನೇರವಾಗಿ ಕಟ್ಟಿನ ಸಾರಿನ ಪಾತ್ರೆಗೆ ಬಿತ್ತು. ಅಲಗಿನ ಅಂಚು ಚಕ್ಕೆಯೆದ್ದು ಒಂದು ಹಲ್ಲು ಬಂದಿತ್ತು, ಅಲಗು ಮಡಚುವ ತಿರುಗಣಿಯೂ ಸಡಿಲಾಗಿ ಅಲಗು ಅತ್ತಿತ್ತ ಅಲ್ಲಾಡುತ್ತಿತ್ತು. ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ.

ಆಗಲೇ ಅತ್ತೆಯ ಸೆರಗಿನಲ್ಲಿ ಒಂದು ಎಳೆ ಜೋತುಬಿದ್ದದ್ದು ನನಗೆ ಕಂಡಿತು. ಅದು ಇಳಕಲ್ ಸೀರೆ. ನನ್ನ ಮಾವ ತೀರಿಕೊಳ್ಳುವ ಮೊದಲು ಕೊಡಿಸಿದ್ದ ಕೊನೆಯ ಸೀರೆ. ವರ್ಷಕ್ಕೊಮ್ಮೆ, ನವಮಿಯ ದಿನ ಮಾತ್ರ ಅದು ಟ್ರಂಕಿನಿಂದ ಹೊರಗೆ ಬರುತ್ತದೆ.

“ಆ ಎಳಿ ತಗದಬಿಡ್ತೇನಿ ತಡೀರಿ ಅತ್ತಿ.”

“ಬ್ಯಾಡ್ರಿ ಅಳಿಯಂದ್ರ, ಇರ್ಲಿ...”

ಅವರ ಮಾತು ಮುಗಿಯುವಷ್ಟರಲ್ಲಿ, ನಾನು ಎಳೆಗೆ ಹಿಡಿದಿದ್ದ ಸಡಿಲಾದ ಅಲಗು ‘ಕರ್ರ್’ ಎಂದು ಮಡಚಿಕೊಂಡಿತು. ಎಳೆ ಹಾಗೇ ಇತ್ತು. ಸೆರಗಿನ ಅಂಚು ಮಾತ್ರ ಹಿಡಿಕೆಯೊಳಗೆ ಹೋಗಿತ್ತು! ಬಿಚ್ಚಲು ನೋಡಿದೆ, ಬರಲಿಲ್ಲ. ಜಗ್ಗಲು ಹೋದೆ, ಗಿರಿಜಾ ಚೀರಿದಳು.

“ಜಗ್ಗಬ್ಯಾಡ್ರಿ! ಅಪ್ಪ ಕೊಡಿಸಿದ ಸೀರಿ ಅದು!”

ತಕ್ಷಣ ಕೈ ಬಿಟ್ಟೆ. ಚಾಕುವಿನ ಸ್ಕ್ರೂ ಬಿಚ್ಚಿದರೆ ಎಲ್ಲ ಸರಿಹೋಗುತ್ತಿತ್ತು. ಸ್ಕ್ರೂ ಡ್ರೈವರ್ ಮೂರು ಮಾರು ದೂರದಲ್ಲಿ ಹೂ ಮುಡಿದು ಕುಳಿತಿತ್ತು. ಆಸೆಗಣ್ಣಿನಿಂದ ಅತ್ತ ನೋಡಿದೆ.

“ಮುಟ್ಟಬ್ಯಾಡ್ರಿ,” ಎಂದರು ಅತ್ತೆ, ಚಾಕುವನ್ನು ಕೂಸಿನಂತೆ ಮಡಿಲಲ್ಲಿ ಇಟ್ಟುಕೊಂಡು.

ಓಣಿಗೆ ಓಡಿದೆ. ಬಡಿಗೇರ ಮನೆಯಲ್ಲಿ ಉಳಿ, ಬಾಚಿ ಎಲ್ಲ ವಿಭೂತಿ ಬಳಿದುಕೊಂಡು ಕುಳಿತಿದ್ದವು. ಟೇಲರ್ ಕತ್ತರಿಗೆ ಹಾರ ಬಿದ್ದಿತ್ತು. ಕೊನೆಯ ಆಸೆ ಸೈಕಲ್ ಅಂಗಡಿಯ ಖಾದರ್‌ಸಾಬರು. ಅವರು ಎರಡೂ ಕೈ ಎತ್ತಿದರು.

“ನಮ್ಮ ಅಂಗಡಿ ಮಂದಿ ಮುಂಜಾನೇನ ಪೂಜಾ ಮಾಡ್ಯಾರ್ರಿ. ಪಾನಾ, ಪಕ್ಕಡ, ಸ್ಕ್ರೂ ಡ್ರೈವರ್ ಎಲ್ಲಾ ಹೂವ ಏರಿಸ್ಕೊಂಡು ಕುಂತಾವು. ನಾಳೆ ಬರ್ರಿ. ಹೌದು, ನಿಮ್ಮ ಹತ್ರ ಅದೇನೋ ಚಾಕು ಐತೆಲ್ಲ? ಅದರಲೇ ಬಿಚ್ರಲ್ಲ!”

ಬರಿಗೈಯಲ್ಲಿ ಮನೆಗೆ ಬಂದಾಗ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದ್ದರು. ಅತ್ತೆ ಶಾಂತವಾಗಿ ಹೇಳುತ್ತಿದ್ದರು: “ಅಳಿಯಂದ್ರದು ಏನೂ ತಪ್ಪಿಲ್ರೀ. ಪಾಪ, ಕೆಲಸ ಮಾಡಾಕ ಹೋಗಿದ್ರು.” ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನನ್ನನ್ನು ಕಂಡು ಚಾಕು ಮೂಸಿದರು. “ಇದಕ್ಕ ಎಣ್ಣಿ ಯಾವುದು ಹಾಕೀರಿ?”

“ಶೇಂಗಾ ಎಣ್ಣಿರಿ.”

“ಇದರಲೇ ಏನೇನು ಕೊಯ್ದೀರಿ?”

“ಬೆಲ್ಲ... ಪಪ್ಪಾಯಿ...”

ಅತ್ತೆ ಚಾಕುವಿನ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಗಿರಿಜಾ, ಬೋಗಣಿ ಒಳಗ ಬಿಸಿನೀರು ತಾ. ಬೆಲ್ಲ ಮೆತ್ತಿದ ಪಾತ್ರಿ ಹೆಂಗ ತೊಳಿತೀವಿ, ಹಂಗ.”

ಸೆರಗು ಮೇಲೆ ಹಿಡಿದು ತಿರುಗಣಿಯನ್ನಷ್ಟೇ ನೀರಿನಲ್ಲಿ ಅದ್ದಿದರು. ಹತ್ತು ನಿಮಿಷಕ್ಕೆ ನೀರು ಚಹಾದ ಬಣ್ಣಕ್ಕೆ ತಿರುಗಿ, ಅದರಲ್ಲಿ ಏಳೆಂಟು ಇರುವೆ ತೇಲಿದವು. ಅತ್ತೆ ಹೆಬ್ಬೆರಳ ಉಗುರಿನಿಂದ ಅಲಗನ್ನು ಮೀಟಿದರು. ‘ಟಕ್!’ ಊರೆಲ್ಲ ಅಲೆದು ನಾನು ಹುಡುಕಿದ ಹತಾರ ನಮ್ಮ ಬಚ್ಚಲಮನೆಯ ಹಂಡೆಯಲ್ಲೇ ಇತ್ತು.

ಸೀರೆ ಹರಿದಿರಲಿಲ್ಲ. ಅಂಚಿನಲ್ಲಿ ಹೆಸರುಕಾಳಿನಷ್ಟು ಎಣ್ಣೆಯ ಕಲೆ ಮಾತ್ರ ಉಳಿಯಿತು. “ತಪ್ಪಾತ್ರಿ ಅತ್ತಿ,” ಎಂದೆ.

“ಇರ್ಲಿ ಬಿಡ್ರಿ. ಸೀರಿ ಅವರ ನೆನಪಿಗೆ, ಕಲೆ ನಿಮ್ಮ ನೆನಪಿಗೆ,” ಎಂದು ನಕ್ಕರು.

ಅಂದಿನಿಂದ ಚಾಕುವನ್ನು ಬಳಸಿದ ಕೂಡಲೇ ತೊಳೆದು, ಒರೆಸಿ, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಡುತ್ತೇನೆ. ಅದು ಈಗಲೂ ಬಾಳುತ್ತಿದೆ, ಬಾಗಿದ ತುದಿ ಮತ್ತು ಒಂದು ಹಲ್ಲಿನೊಂದಿಗೆ. ಈ ವರ್ಷದ ಖಂಡೆ ಪೂಜೆಗೆ ಯಾರೂ ಕೇಳುವ ಮೊದಲೇ ಅದನ್ನು ಸಾಲಿನಲ್ಲಿಟ್ಟು, ಕೈಮುಗಿದು ನಿಂತೆ. ಅತ್ತೆ ಒಂದೊಂದಕ್ಕೂ ವಿಭೂತಿ ಹಚ್ಚುತ್ತ ಬಂದರು. ಈಳಿಗೆ ಆಯಿತು, ಅಡಕೊತ್ತು ಆಯಿತು, ಚಾಕು ಆಯಿತು. ಆಮೇಲೆ ನನ್ನ ಹಣೆಗೂ ಮೂರು ಬೆರಳು ಎಳೆದರು.

“ಅಳಿಯಂದ್ರ, ನೀವೂ ಇಲ್ಲೇ ಚಾಕು ಬಾಜೂಕ ಕುಂದರ್ರಿ. ಗಿರಿಜಾ, ನಾಳೆ ಬನ್ನಿ ಕೊಡೋತನಕ ಇವರನ್ನ ಎಬ್ಬಿಸಬ್ಯಾಡ.”

ಕುಳಿತೆ. ಹದಿನೈದನೇ ವರ್ಷಕ್ಕೆ ಅತ್ತೆ ಕೊನೆಗೂ ನನ್ನನ್ನು ಹತಾರಗಳ ಸಾಲಿಗೆ ಸೇರಿಸಿದರು. ಯಾವ ಹತಾರವನ್ನೂ ಬಳಸಬಾರದ ದಿನ!