ಕೊರಳ ರುಮಾಲಿಗಾಗಿ ಪಟ್ಟ ಪಾಡು

ನಾ ಯಾವ ಕೆಲಸ ನೆಟ್ಟಗ ಮಾಡಾಕ ಹೋಗ್ಲಿ, ಅದು ಸೊಟ್ಟ ಆಗೇ ಮನಿಗೆ ಬರೂದು. ಇವತ್ತಿಗೂ ಹಂಗ ಐತಿ. ಸಣ್ಣಾಂವಿದ್ದಾಗ ಸ್ಕೌಟ್ ಸೇರಿದ ಕತಿ ಅಂತೂ ಕೇಳಬ್ಯಾಡ್ರಿ.

ಆವಾಗಿನ್ನೂ ಬ್ರಿಟಿಷರ ರಾಜ್ಯ. ಸಂಕೇಶ್ವರದಾಗ ನಮ್ಮ ಸಾಲಿ ಡ್ರಿಲ್ ಮಾಸ್ತರು ಹನ್ನೆರಡು ಹುಡುಗ್ರನ್ನ ಆರಿಸಿ ಸ್ಕೌಟ್ ಪಥಕ ಸುರು ಮಾಡಿದ್ರು. ಪರೀಕ್ಷಾ ಪಾಸಾದವ್ರಿಗೆ ಕೊರಳಿಗೆ ಕಟ್ಟೂ ನೀಲಿ ರುಮಾಲು. ನಪಾಸಾದ್ರ ಪಥಕದಿಂದ ಹೆಸರ ಹೊಡದ ಹಾಕೂದು. ಆ ರುಮಾಲಿನ ಹುಚ್ಚಿಗೆ ನನಗ ಊಟ ಸೇರತಿದ್ದಿಲ್ಲ.

೧. ಬೆಲ್ಟು

ಡ್ರೆಸ್ಸಿಗೆ ಚರ್ಮದ ಬೆಲ್ಟು ಬೇಕೇ ಬೇಕು ಅಂದ್ರು ಮಾಸ್ತರು. ನಮ್ಮದು ಜೈನರ ಮನಿ. ನಮ್ಮಜ್ಜಿಗೆ ಎಲ್ಲಾರೂ ಆಯಿ ಅಂತಿದ್ವಿ. ನಾ ತಂದ ಬೆಲ್ಟು ನೋಡಿದ ಕೂಡ್ಲೆ ಆಯಿ ಹೊಸ್ತಲದಾಗ ಅಡ್ಡ ನಿಂತ್ಲು.

"ಅದು ಒಳಗ ಬಂದ್ರ ನಾ ಹೊರಗ ಹೋಗ್ತೇನಿ ನೋಡು!"

ಕಡೀಕ ರಾಜಿ ಆತು. ಬೆಲ್ಟು ದನದ ಕೊಟ್ಟಿಗಿ ಗೂಟಕ್ಕ ನೇತಾಡಬೇಕು ಅಂತ. ಮುಂಜಾನೆ ಹೋಗಿ ನೋಡ್ತೇನಿ, ನಮ್ಮ ಎಮ್ಮಿ ಅದನ್ನ ನೆಕ್ಕಿ ನೆಕ್ಕಿ ಅರ್ಧ ಅಗದ ಬಿಟ್ಟೈತಿ. ನಾ ಎಮ್ಮಿಗೆ ಬೈಕೋತ ಗೊಳೋ ಅಂತ ಅತ್ನಿ.

ಆಯಿ ಅಂದ್ಲು, "ಅದಕ್ಯಾಕ ಬೈತಿ? ಅದು ತನ್ನ ಬಳಗದ್ದು ಅಂತ ಗುರ್ತ ಹಿಡದೈತಿ. ನೀನ ಹಿಡೀಲಿಲ್ಲ."

ಪಾಪ, ತಾನ ಕುಂತು ಪುಂಡಿ ನಾರಿನ ಬೆಲ್ಟು ಹಗ್ಗದಂಗ ಹೊಸೆದು ಕೊಟ್ಲು. ಅದನ್ನ ಕಟಗೊಂಡು ಪರೇಡಿಗೆ ಹೋದ್ನಿ. ಮಾಸ್ತರು ನನ್ನ ಸುತ್ತ ಒಂದ ಸುತ್ತ ಹಾಕಿ ಕೇಳಿದ್ರು, "ನಿನಗ ಲೆಫ್ಟ್ ಟರ್ನ್ ಅನ್ನಲ್ಯೋ, ನೊಗಕ್ಕ ಹೂಡಲ್ಯೋ?"

೨. ಸತ್ಕಾರ್ಯ

ಸ್ಕೌಟ್ ಆದಾಂವ ದಿನಾ ಒಂದು ಸತ್ಕಾರ್ಯ ಮಾಡಿ ಮಾಸ್ತರಿಗೆ ಹೇಳಬೇಕು. ಬಾಜೂ ಮನಿ ಕಾಕುಗ ಸೊಂಟನೋವು. ನಾ ನೀರ ತುಂಬತೇನಿ ಅಂದ್ನಿ. ಬಾವಿಗೆ ಪಾಳಿ ಇತ್ತು, ಒಂದು ಬಾವಿಯಾಗ ಒಬ್ಬರಿಗೆ ಒಂದ ಕೊಡ, ಅದಕ್ಕ ಮೂರು ಕೊಡ ಮೂರು ಬಾವಿಯಿಂದ ತಂದ್ನಿ. ಹಂಡೇದ ಬಾಯಿಗೆ ಅರಿವಿ ಕಟ್ಟಿ ಸೋಸಿ ಸುರುವಿದ್ನಿ.

ನಮ್ಮ ಮಂದಿ ಪದ್ಧತಿ ಹೆಂಗಂದ್ರ, ಸೋಸಿದ ಅರಿವಿಯೊಳಗ ಉಳಿದ ಸಣ್ಣ ಜೀವಗಳನ್ನ ನೀರ ತಂದ ಬಾವಿಗೇ ತಿರುಗಿ ಬಿಡಬೇಕು. ಕಾಕು ಅರಿವಿ ಬಿಚ್ಚಿ ಕೇಳಿದ್ಲು, "ಯಾವ ಬಾವಿದೋ ಇವು?"

"ಮೂರೂ ಬಾವಿದು ಕೂಡಿ ಅದಾವು, ಕಾಕು."

"ಅಯ್ಯ ನಿನ್ನ! ಯಾವುದು ಯಾವ ಬಾವಿದಂತ ಹೆಂಗ ತಿಳೀಬೇಕು? ಹೋಗು, ಅವನ್ನ ಕೇಳಿ ಅವರವರ ಮನಿ ಮುಟ್ಟಿಸಿ ಬಾ!"

ನಾ ಅರಿವಿ ಹಿಡಕೊಂಡು ಮೂರೂ ಬಾವಿಗೆ ಓಡಿ, ಅಂದಾಜಿನ ಮ್ಯಾಲ ಸ್ವಲ್ಪ ಸ್ವಲ್ಪ ಬಿಟ್ಟು ಬಂದ್ನಿ. ಸಾಲಿಗೆ ತಡ ಆತು. ಮಾಸ್ತರು, "ಏನಪಾ ಇವತ್ತಿನ ಸತ್ಕಾರ್ಯ?" ಅಂದ್ರು.

"ದಾರಿ ತಪ್ಪಿದವ್ರನ್ನ ಊರಿಗೆ ಮುಟ್ಟಿಸಿದ್ನಿರಿ."

"ಭಲೇ! ಎಷ್ಟು ಮಂದಿ?"

"ಕಣ್ಣಿಗೆ ಕಾಣಲಿಲ್ರಿ."

೩. ಅಡಿಗಿ

ಕಡೇ ಪರೀಕ್ಷಾ ಅಡಿಗಿದು. ಎರಡ ಬೆಂಕಿಕಡ್ಡಿಯೊಳಗ ಒಲಿ ಹಚ್ಚಿ ಬಯಲಾಗ ಅಡಿಗಿ ಮಾಡಬೇಕು. ಬೆಳಗಾವಿಯಿಂದ ಬರೂ ಸಾಹೇಬ್ರು ರುಚಿ ನೋಡಿ ಪಾಸ್ ಮಾಡಬೇಕು. ಉಳಿದವ್ರದೆಲ್ಲಾ ಹಿಂದಿನ ವಾರ ಮುಗದಿತ್ತು. ನನಗ ಆವಾಗ ಜ್ವರ ಬಂದಿದ್ವು, ಅದಕ್ಕ ನಾ ಒಬ್ಬನ ಉಳದಿದ್ನಿ.

ಹಿರಣ್ಯಕೇಶಿ ದಂಡಿಮ್ಯಾಲ ಕಿಚಡಿ ಮಾಡಿದ್ನಿ. ಮೊಮ್ಮಗ ಕೈ ಸುಟಗೊಂಡಾನು ಅಂತ ಆಯಿನೂ ಬಂದು ಕುಂತಿದ್ಲು. ಸಾಹೇಬ್ರ ದಾರಿ ಕಾಯಕೋತ ಡ್ರಿಲ್ ಮಾಸ್ತರೂ ಅಲ್ಲೇ ಇದ್ರು. ಕಿಚಡಿ ಖರೇನ ಛಲೋ ಆಗಿತ್ತು. ಸಾಹೇಬ್ರ ಸುಳಿವಿಲ್ಲ. ಹೊತ್ತು ಇಳೀತು. ಹೊತ್ತು ಮುಣಗಿದ ಮ್ಯಾಲ ನಮ್ಮಲ್ಲಿ ಒಲಿ ಹಚ್ಚೂದಿಲ್ಲ, ತುತ್ತು ಎತ್ತೂದಿಲ್ಲ.

"ಉಣ್ಣೋ, ಹೊತ್ತು ಹೊಂಟಿತು," ಅಂದ್ಲು ಆಯಿ.

"ಸಾಹೇಬ್ರಿಗೆ ಇಲ್ಲಂದ್ರ ರುಮಾಲು ಹೋಗ್ತೈತಿ!"

"ಅವರ ಪಾಲು ತಗದಿಟ್ಟ ಉಣ್ಣೂಣು, ತಗೋ."

ಹಂಗ ಮಾಡಿದ್ವಿ. ನಾವು ಹೊಳಿಗೆ ಕೈ ತೊಳ್ಯಾಕ ಹೋಗಿ ಬರೂದ್ರಾಗ ಸೂರ್ಯ ಮುಣಗಿದ್ದ, ಸಾಹೇಬ್ರು ಬಂದಿದ್ರು, ಪಾತೇಲಿ ಖಾಲಿ! ನನ್ನ ಜೀವಾನ ಹೋತು. ಇನ್ನೊಮ್ಮೆ ಮಾಡೂಣು ಅಂದ್ರ ಹೊತ್ತು ಮುಣಗೇತಿ.

"ಬಸ್ಸಿನ ಗಾಲಿ ಒಡದು ತಡ ಆತು," ಅಂದ್ರು ಸಾಹೇಬ್ರು. "ಅಡಿಗಿ ಎಲ್ಲಿ?"

ನನಗ ಅಳುನ ಬಂತು. ಆಯಿ ಮುಂದ ಬಂದ್ಲು. "ನಾವು ಜೈನರ್ರಿ, ಹೊತ್ತು ಮುಣಗೂದ್ರಾಗ ಉಂಡ್ವಿ. ನಿಮ್ಮ ಪಾಲು ತಗದ ಇಟ್ಟಿದ್ವಿರಿ, ದೇವರಾಣಿ."

ಸಾಹೇಬ್ರು ಅತ್ತಿತ್ತ ನೋಡಿದ್ರು. ಡ್ರಿಲ್ ಮಾಸ್ತರ ಮೀಸ್ಯಾಗ ಎರಡು ಅಗಳು ಕುಂತಿದ್ವು.

"ಏನ್ರಿ ಮಾಸ್ತರ, ನೀವ್ಯಾವಾಗ ಜೈನರಾದ್ರಿ?"

ಮಾಸ್ತರು ಟಪ್ ಅಂತ ಅಟೆನ್ಶನ್ ನಿಂತು ಮೂರು ಬೆರಳಿನ ಸ್ಕೌಟ್ ಸೆಲ್ಯೂಟ್ ಹೊಡದ್ರು.

"ಆಗಿಲ್ರಿ ಸಾಹೇಬ್ರ. ಉಪ್ಪು ನೋಡಾಕ ಹೋದ್ನಿರಿ. ಕೈ ನಿಂದ್ರಸಾಕ ಆಗಲಿಲ್ರಿ!"

ಸಾಹೇಬ್ರು ಹೊಟ್ಟಿ ಹಿಡಕೊಂಡು ನಕ್ಕರು. ನೀಲಿ ರುಮಾಲು ತಾವ ನನ್ನ ಕೊರಳಿಗೆ ಕಟ್ಟಿದ್ರು. ಆಮ್ಯಾಲ ಪರೀಕ್ಷಾದ ವಹಿ ತಗದು, ಮಾಸ್ತರಿಗೆ ಕಾಣೂವಂಗ ಹಿಡದು ದಪ್ಪ ಅಕ್ಷರದಾಗ ಬರದ್ರು: "ಹುಡುಗ ಪಾಸ್. ಮಾಸ್ತರು ನಪಾಸ್."