ಅವ್ವಂದಿರ ಭಾನುವಾರ, ನನ್ನ ಹೆಂಡತಿಗೊಂದು ಹೂವು

ಮದ್ದೂರು ಸೀಮೆಗೆ ಅವ್ವಂದಿರ ಭಾನುವಾರ ಅನ್ನೋ ಹಬ್ಬವನ್ನ ತಂದವನು ನಾನೇ. ಸುಳ್ಳು ಅನ್ನೋರು ಆಗಿನ ಅಯ್ಯನೋರನ್ನ, ಅಂದ್ರೆ ನಮ್ಮ ಚರ್ಚಿನ ಪಾದ್ರಿಗಳನ್ನ, ಕೇಳಬಹುದು. ಅವರು ತೀರಿಕೊಂಡು ಬಹಳ ಕಾಲ ಆಯ್ತು. ಮೊದಲ ಹಬ್ಬದ ದಿನ ನನ್ನ ಜೊತೆ ಬೆಂಚಿನ ಮೇಲೆ ಕೂತಿದ್ದೋರೂ ಒಬ್ಬೊಬ್ಬರಾಗಿ ಅವರ ಹಿಂದೆಯೇ ಹೋದರು. ಉಳಿದವನು ನಾನೊಬ್ಬ. ನಾನಂತೂ ಹೌದು ಅಂತೀನಿ.

ಗೊತ್ತಿಲ್ಲದೋರಿಗೆ ಹೇಳಿಬಿಡ್ತೀನಿ. ಹಿಂದೆ ಬಿಳಿಯರ ದೇಶದಲ್ಲಿ ದೊಡ್ಡಮನೆಗಳಲ್ಲಿ ಕೆಲಸಕ್ಕಿದ್ದ ಆಳುಗಳಿಗೆ ವರ್ಷಕ್ಕೊಂದು ಭಾನುವಾರ ರಜ ಸಿಗೋದಂತೆ. ಈಸ್ಟರಿಗೆ ಮುಂಚೆ ನಲವತ್ತು ದಿನ ಉಪವಾಸ ಇರ್ತದಲ್ಲ, ಅದರ ನಡುವೆ. ಅವತ್ತು ಅವರು ಹುಟ್ಟಿದಾಗ ದೀಕ್ಷಾಸ್ನಾನ ಆಗಿದ್ದ ತಾಯಿ ಚರ್ಚಿಗೆ ಹೋಗಿ, ಅಲ್ಲಿಂದ ಹೆತ್ತವ್ವನ ಮನೆಗೆ ಹೋಗೋರು. ದಾರಿ ಬದಿಯಲ್ಲಿ ಸಿಕ್ಕಿದ ಹೂವ ಕಿತ್ತು ಅವ್ವನ ಕೈಗೆ ಕೊಡೋರು. ನಮ್ಮ ಹೆಣ್ಣುಮಕ್ಕಳು ತವರಿಗೆ ಹೋದ ಹಾಗೆ, ಅಷ್ಟೇ. ಇದನ್ನ ಅಯ್ಯನೋರು ನನಗೆ ಹೇಳಿದರು ಅಂತ ಜನ ಅಂತಾರೆ. ಅಯ್ಯನೋರಿಗೆ ಹೇಳಿಕೊಟ್ಟವನೇ ನಾನು.

ಇಂಥವನ ಹೆಂಡತಿಗೆ, ಆ ಹಬ್ಬದ ದಿನ ಚರ್ಚಿನಲ್ಲಿ ಒಂದು ಹೂವಿಲ್ಲ! ಎಲ್ಲಾ ತಾಯಂದಿರಿಗೂ ಹೂವು ಹಂಚ್ತಾರೆ. ನಮಗೆ ಮಕ್ಕಳಿಲ್ಲ ಅಂತ ಅವಳನ್ನ ದಾಟಿಕೊಂಡು ಮುಂದಿನ ಬೆಂಚಿಗೆ ಹೋಗ್ತಾರೆ. ವರ್ಷ ವರ್ಷ ಇದೇ ಕತೆ. ನನಗೆ ಮೈ ಉರಿಯುತ್ತೆ. ಉರಿಯೋದು ಇದೊಂದಕ್ಕೇ ಅಲ್ಲ, ಈ ಹಬ್ಬ ಬಂತೂ ಅಂದ್ರೆ ಏನಾದರೊಂದು ರಗಳೆ ನನ್ನ ಕೊರಳಿಗೇ ಬಂದು ಬೀಳುತ್ತೆ.

ಆಲೆಮನೆಗೆ ರಜ

ಆಗ ಮಳವಳ್ಳಿ ಕಡೆ ಒಂದು ಆಲೆಮನೆಯಲ್ಲಿ ಬೆಲ್ಲ ಕಾಯಿಸ್ತಿದ್ದೆ. ನನ್ನ ಪಾಕದ ವಾಸನೆಗೆ ಶಿಂಷಾ ಹೊಳೆಯ ಮೀನೆಲ್ಲ ದಡಕ್ಕೆ ಬಂದು ಬಾಯಿ ಬಿಡೋವು. ಉಪವಾಸದ ಕಾಲ ಅಂದ್ರೆ ಬೇಸಿಗೆ ಶುರು, ಕಬ್ಬು ಅರೆಯೋ ಭರಾಟೆ. ಗೌಡರ ಹತ್ತಿರ ಹೋಗಿ ಭಾನುವಾರ ರಜ ಕೇಳಿದೆ.

"ಯಾಕ್ಲಾ? ನೀನ್ ಓದ್ರೆ ಕೊಪ್ಪರಿಗೆ ಮುಂದೆ ನಿಮ್ಮಪ್ಪ ನಿಂತ್ಕತಾನಾ?"

"ಅವ್ವನ ಹಬ್ಬ ಗೌಡ್ರೇ. ಊರಿಗೋಗಿ ಅವ್ವನ್ ನೋಡ್ಬೇಕು. ನಮ್ ಧರ್ಮ."

"ಸರಿ, ನಿಮ್ ಧರ್ಮ ಅಂದ್ಮೇಲೆ ನೀನೊಬ್ನೇ ಓಗು."

ಗಾಣಕ್ಕೆ ಕಬ್ಬು ಕೊಡ್ತಿದ್ದವನು ತಲೆ ಎತ್ತಿದ. "ನಾವೇನು ಮರದಿಂದ ಉದುರಿದ್ವಾ ಗೌಡ್ರೇ? ನಮ್ಗೂ ಅವ್ವ ಅವ್ಳೆ." ಒಲೆಗೆ ಸಿಪ್ಪೆ ಹಾಕ್ತಿದ್ದ ಸಾಬರು, "ನಮ್ ಅಮ್ಮಾನೂ ಕಾಯ್ತಾ ಅವ್ರೆ" ಅಂತ ಟವೆಲು ಹೆಗಲಿಗೆ ಹಾಕಿಕೊಂಡರು. ಭಾನುವಾರ ಬೆಳಿಗ್ಗೆ ನೋಡಿದರೆ ಆಲೆಮನೆಯಲ್ಲಿ ನೊಣ ಬಿಟ್ಟು ಯಾರೂ ಇಲ್ಲ.

ಸಂಜೆ ವಾಪಸ್ ಬಂದೆವು. ಬೈಗುಳ ತಿನ್ನೋಕೆ ತಯಾರಾಗೇ ಬಂದಿದ್ದೆವು ಅನ್ನಿ. ಗೌಡರು ಜಗಲಿ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು, ಮುಖ ಬಾಡಿ ಹೋಗಿತ್ತು. ಎದುರಿಗೆ ಅವರ ಮುದಿ ತಾಯಿ. ಮಗ ಕೆಲಸವಿಲ್ಲದೆ ಕೈಗೆ ಸಿಕ್ಕಿದ್ದು ಅದೇ ಮೊದಲಂತೆ. ಬೆಳಗಿನಿಂದ ಸೊಸೆ ಮೇಲಿನ ದೂರು ಹೇಳ್ತಾ ಹೇಳ್ತಾ ಸಂಜೆ ಆದರೂ ಮದುವೆಯಾದ ಮೊದಲ ವರ್ಷದ್ದೇ ಇನ್ನೂ ಮುಗಿದಿರಲಿಲ್ಲ.

ನಮ್ಮನ್ನ ಕಂಡಿದ್ದೇ ಗೌಡರು ಎದ್ದು ಓಡಿ ಬಂದರು. "ಬನ್ರಪ್ಪ, ಬಂದ್ರಾ! ಬರೋ ವರ್ಸ ಆ ದಿನ ಒಲೆ ಮುಂದೆ ನಾನ್ ಕೂತ್ಕತೀನಿ. ನೀವೆಲ್ಲ ಸೇರಿ ನಮ್ಮವ್ವನ್ ನೋಡ್ಕಳ್ರಪ್ಪ!"

ದಾರಿ ಬದಿಯ ಹೂವು

ಚರ್ಚಿನೋರು ಕೊಡದಿದ್ದರೆ ಬೇಡ, ನಾನೇ ಕೊಡ್ತೀನಿ ಅಂತ ಒಂದು ವರ್ಷ ಹಟಕ್ಕೆ ಬಿದ್ದೆ. ಕೊಂಡ ಹೂವಲ್ಲ, ಪದ್ಧತಿ ಪ್ರಕಾರ ದಾರಿ ಬದಿಯದೇ ಆಗಬೇಕು. ಹಬ್ಬದ ಬೆಳಿಗ್ಗೆ ವೈದ್ಯನಾಥಪುರದ ಕಡೆ ನಡೆದೆ. ರಸ್ತೆ ಪಕ್ಕ ಸೇವಂತಿಗೆ ಅರಳಿ ನಿಂತಿತ್ತು. ಒಂದೊಂದು ಹೂವು ರಾಗಿಮುದ್ದೆ ಗಾತ್ರ! ಕೀಳೋಕೆ ಶುರು ಮಾಡಿದೆ.

"ಯಾರ್ಲಾ ಅದು?" ಅಂತ ತೋಟದವನು ಓಡಿ ಬಂದ.

"ಕಿರುಚಬ್ಯಾಡ ಕಣಪ್ಪ. ಹಬ್ಬದ ಪದ್ಧತಿ. ದಾರಿ ಬದಿ ಹೂವ ಯಾರ್ ಬೇಕಾದ್ರೂ ಕೀಳ್ಬೋದು."

"ದಾರಿ ಎಲ್ಲದೆ? ತೋರ್ಸು."

ತಿರುಗಿ ನೋಡಿದೆ. ದಾರಿ ಕಾಣಲೇ ಇಲ್ಲ. ಇದಕ್ಕಿಂತ ಅದು ಚೆನ್ನಾಗಿದೆ ಅಂತ ಕೀಳ್ತಾ ಕೀಳ್ತಾ ತೋಟದ ನಟ್ಟನಡುವೆ ಬಂದುಬಿಟ್ಟಿದ್ದೆ. ಹೂವು ಅಂಥ ಕಡೆ ಬೆಳೆದರೆ ಅದು ನನ್ನ ತಪ್ಪಾ?

"ನಮ್ದೂ ಒಂದ್ ಪದ್ಧತಿ ಅದೆ ಕಣಜ್ಜ. ಕಿತ್ತೋನೇ ಪೂರಾ ಸಾಲು ಮುಗಿಸ್ಬೇಕು" ಅಂತ ನನ್ನ ಕೈಗೆ ಮಂಕರಿ ಕೊಟ್ಟ. ಮಧ್ಯಾಹ್ನದವರೆಗೂ ಬಗ್ಗಿ ಬಗ್ಗಿ ಕುಯ್ದೆ. ಹೋಗುವಾಗ ಒಂದು ಹಿಡಿ ಹೂವು ಕೊಟ್ಟು, "ಒಳ್ಳೆ ಹಬ್ಬ. ಬರೋ ವರ್ಸ ನಿಮ್ ಚರ್ಚಿನೋರ್ನೆಲ್ಲ ಕರ್ಕಂಡ್ ಬಾ" ಅಂದ.

ಇಷ್ಟು ಕಷ್ಟಪಟ್ಟು ತಂದರೆ ನನ್ನ ಹೆಂಡತಿ ಕೈ ನೀಡಲಿಲ್ಲ. "ನೀನ್ ಕದ್ದು ತಂದಿದ್ದು ನಂಗ್ಯಾಕೆ? ಎಲ್ರ ಮುಂದೆ ಬುಟ್ಟಿಯಿಂದ ಕೊಡ್ತಾರಲ್ಲ, ಅದು ಬೇಕು" ಅಂದಳು. ಹೂವನ್ನ ಪಕ್ಕದ ಮನೆಯ ಎಮ್ಮೆ ತಿಂತು. ಅದೂ ಮೂರು ಕರು ಹಾಕಿದ ತಾಯಿಯೇ, ಲೆಕ್ಕಕ್ಕೆ ಸರಿಹೋಯ್ತು.

ಹನ್ನೆರಡನೇ ಉಂಡೆ

ಈ ಹಬ್ಬಕ್ಕೆ ಒಂದು ಕೇಕೂ ಉಂಟು. ಮೇಲೆ ಗೋಡಂಬಿ ಹಿಟ್ಟಿನ ಹನ್ನೊಂದು ಉಂಡೆ ಇಡಬೇಕು. ಯೇಸುಸ್ವಾಮಿಗೆ ಶಿಷ್ಯರು ಹನ್ನೆರಡು ಜನ. ಹಿಡಿದುಕೊಟ್ಟ ಯೂದನನ್ನ ಬಿಟ್ಟರೆ ಹನ್ನೊಂದು. ಕೇಕು ತರೋ ಜವಾಬ್ದಾರಿ ನನ್ನ ಮೇಲೆ ಬಂತು. ಮಂಡ್ಯದ ಬೇಕರಿ ಸಾಬರಿಗೆ ಬಿಡಿಸಿ ಹೇಳಿ ಬಂದಿದ್ದೆ. ತರೋಕೆ ಹೋದರೆ ಹನ್ನೆರಡು ಇಟ್ಟಿದ್ದಾರೆ!

"ಏನ್ ಸಾಬ್ರೇ ಇದು?"

"ಹನ್ನೊಂದು ಇಟ್ರೆ ಒಂದು ನಾನ್ ತಿಂದೆ ಅಂತಾರಣ್ಣ. ಅಂಗ್ಡಿ ಮರ್ಯಾದೆ ಪ್ರಶ್ನೆ."

"ಅದು ಯೂದ ಕಣಣ್ಣ! ದ್ರೋಹಿ!"

"ಇರ್ಲಿ ಬುಡಣ್ಣ. ಅವ್ನ ಹೆತ್ತೋಳೂ ಒಬ್ಬ ಅವ್ವನೇ ತಾನೆ?"

ದುಡ್ಡು ಕೊಟ್ಟು ಕೇಕು ಎತ್ತಿಕೊಂಡೆ. ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ. ಚರ್ಚಿನಲ್ಲಿ ಮುಚ್ಚಳ ತೆಗೆದಿದ್ದೇ ಗಲಾಟೆ. ಯಾವುದು ಯೂದ ಅಂತ ಯಾರಿಗೂ ಗೊತ್ತಿಲ್ಲ, ಯಾರೂ ಕೈ ಹಾಕೋ ಹಾಗಿಲ್ಲ. ಹಿರಿಯರೊಬ್ಬರು, "ತಂದೋನೇ ತಿನ್ಲಿ" ಅಂದರು. ನನಗೂ ರೋಷ ಬಂತು. ಅಂಚಿನಲ್ಲಿದ್ದ ದಪ್ಪದ್ದೊಂದನ್ನ ಎತ್ತಿ, "ಇವ್ನೇ ಯೂದ" ಅಂತ ಎಲ್ಲರೆದುರೇ ಬಾಯಿಗೆ ಹಾಕಿಕೊಂಡೆ. ಇವತ್ತಿಗೂ ಜನ ನನ್ನನ್ನ ಯೂದನ್ನ ನುಂಗಿದೋನು ಅಂತ ಆಡಿಕೊಳ್ತಾರೆ.

ನನ್ನ ಸಂಕಟ ಅದಲ್ಲ. ಆಮೇಲೆ ಹಂಚುವಾಗ ನನ್ನ ಪಾಲಿಗೆ ಒಳ್ಳೆ ಶಿಷ್ಯ ಪೇತ್ರನೂ ಬಂದ. ಯೂದನಷ್ಟು ರುಚಿ ಇರಲಿಲ್ಲ. ಇದನ್ನ ಯಾರ ಹತ್ತಿರ ಹೇಳೋದು?

ಬುಟ್ಟಿ ಬಂತು

ಈಗ ಹೂವು ಹಂಚೋರು ಚರ್ಚಿನ ಹೊಸ ಹುಡುಗರು. ಇವರಿಗೆ ಅವ್ವ ಅಂದ್ರೆ ಮೇ ತಿಂಗಳ ಮದರ್ಸ್ ಡೇಗೆ ಮೊಬೈಲಿನಲ್ಲಿ ಹಾಕೋ ಫೋಟೋ. ಅವ್ವ ಪಕ್ಕದಲ್ಲೇ ಪಾತ್ರೆ ಉಜ್ಜುತಾ ಇರ್ತಾಳೆ, ಇವರು ಫೋಟೋಗೆ ಹೃದಯ ಅಂಟಿಸ್ತಾ ಇರ್ತಾರೆ. ಇಂಥೋರು ನನ್ನ ಹೆಂಡತಿ ತಾಯಿ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡೋದಾ?

ಆದರೆ ಈ ವರ್ಷ ಅವಳಿಗೆ ಹೂವು ಸಿಕ್ಕಿತು. ಹೆಂಗೆ ಸಿಕ್ಕಿತು ಅನ್ನೋದನ್ನ ಮೊನ್ನೆ ನಮ್ಮ ಜಗಲಿ ಮೇಲೆ ಬೀದಿಯೋರಿಗೆಲ್ಲ ಹೇಳ್ತಿದ್ದೆ.

"ಬುಟ್ಟಿ ನಮ್ ಬೆಂಚು ದಾಟ್ತು ನೋಡಿ, ಎದ್ ನಿಂತೆ. 'ನಿಲ್ಸ್ರೋ!' ಅಂದೆ. ನನ್ ದನಿಗೆ ಮೇಲಿನ ಗಂಟೆ ತಾನಾಗೇ ಬಡ್ಕತು. 'ನಮ್ ತಮ್ಮನ್ ಮಕ್ಳಿಗೆ ಎಣ್ಣೆ ನೀರು ಹಾಕಿ ಬೆಳ್ಸಿದ್ಯಾರು? ಬೀದಿ ಬಾಣಂತೀರ್ಗೆಲ್ಲ ಖಾರ ಅರೆದ್ ಕೊಟ್ಟಿದ್ಯಾರು? ಇವ್ಳು ಅವ್ವ ಅಲ್ದಿದ್ರೆ ಇನ್ ಯಾವಳ್ರೋ ಅವ್ವ?' ಅಂದೆ. ಇಡೀ ಸಭೆ ಗಳಗಳ ಅಂತ ಅತ್ತುಬುಡ್ತು. ಈಗಿನ ಅಯ್ಯನೋರೇ ಇಳಿದ್ ಬಂದು ಬುಟ್ಟಿ ಪೂರಾ ಇವ್ಳ ಮಡ್ಲಿಗೆ ಸುರಿದ್ರು!"

ಕೇಳ್ತಿದ್ದೋರು ಕಣ್ಣು ಒರೆಸಿಕೊಂಡರು. ನಾನೂ ಟವೆಲಿನಲ್ಲಿ ಮೂಗು ಒರೆಸಿಕೊಂಡೆ. ಅಷ್ಟರಲ್ಲಿ ಒಳಗೆ ಸೊಪ್ಪು ಬಿಡಿಸ್ತಿದ್ದ ನನ್ನ ಹೆಂಡತಿ ಬಾಗಿಲಿಗೆ ಬಂದಳು.

"ಯೋವ್, ನೀನೆಲ್ಲಿ ಒಳಗಿದ್ದೆ? ಆಚೆ ಕಾಂಪೌಂಡ್ ತಾವ ಬೀಡಿ ಸೇದ್ತಾ ಕೂತಿದ್ದೆ. ಬುಟ್ಟಿಗೆ ಕೈ ಹಾಕಿ ಹೂವ ತಕ್ಕಂಡೋಳು ನಾನು."

ಪಕ್ಕದ ಮನೆಯವಳು ಮೆಲ್ಲಗೆ, "ಹುಡುಗ್ರು ಸುಮ್ಕೆ ಬುಟ್ರಾ ಅಕ್ಕ?" ಅಂತ ಕೇಳಿದಳು.

"ಎಲ್ ಬುಟ್ರು? 'ಅಜ್ಜಿ, ನಿಮ್ಗೆ ಮಕ್ಳವ್ರಾ?' ಅಂದ್ರು. 'ಒಂದದೆ ಕಣ್ರಪ್ಪ, ಆಚೆ ಬೀಡಿ ಸೇದ್ತಾ ಕೂತದೆ, ಓಗಿ ನೋಡ್ಕಳಿ' ಅಂದೆ. ಒಬ್ಬ ಕಿಟಕೀಲಿ ಬಗ್ಗಿ ನೋಡ್ದ. ಇನ್ನೊಂದು ಹೂವ ಕೊಟ್ಟ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೆಗಲು ಕುಣಿಸಿದೆ. ಹೂವು ಬಂತೋ ಇಲ್ಲವೋ?