ಚಿಕ್ಕಪ್ಪನ ಅಂಗಿಯ ವಾಸನೆ

ನಮ್ಮ ಚಿಕ್ಕಪ್ಪ ಗಾವಡಗೆರೆಯ ಮನೆಗೆ ಬರುವ ಮುಂಚೆ ಅವನ ವಾಸನೆ ಬರುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ! ಹುಣಸೂರಿನಿಂದ ಅವನ ಜೊತೆ ಬಸ್ಸಿನಲ್ಲಿ ಬಂದವರನ್ನು ಕೇಳಿ. ಮೂರು ಜನ ಕೂರುವ ಸೀಟಿನಲ್ಲಿ ಅವನೊಬ್ಬನೇ ಹಾಯಾಗಿ ಬರುತ್ತಿದ್ದ. ಒಮ್ಮೆ ಮೀನಿನ ಬುಟ್ಟಿಯವನೊಬ್ಬ ಪಕ್ಕದಲ್ಲಿ ಕೂತು ಮೂಸಿ, "ಯಾವ ಕೆರೇದು ಸ್ವಾಮಿ? ಮೂರು ದಿನ ಆಗಿರಬೇಕಲ್ಲ?" ಎಂದು ಕೇಳಿದನಂತೆ.

ನಮ್ಮದೋ ಕೊರಳಲ್ಲಿ ಲಿಂಗ ಕಟ್ಟಿದ, ಮೊಟ್ಟೆಯನ್ನೂ ಮುಟ್ಟದ ಮನೆ. ಐವತ್ತರ ದಶಕದ ಮಾತು. ಚಿಕ್ಕಪ್ಪ ಮೈಸೂರಿನಲ್ಲಿ ಕೆಮಿಸ್ಟ್ರಿ ಸಂಶೋಧನೆಗೆ ಸೇರಿದ್ದ. ಅದಕ್ಕೆ ಕಚ್ಚಾ ಮಾಲು ಯಾವುದು ಅಂತೀರಿ? ನಮ್ಮಜ್ಜಿ ಕಾಯಿಸಿದ ಹರಳೆಣ್ಣೆ! ವಾರ ವಾರ ಬಾಟಲಿ ತುಂಬಿಸಿಕೊಂಡು ಹೋಗುತ್ತಿದ್ದ. "ಒಟ್ಟೆ ಅಷ್ಟೊಂದು ಕಟ್ಕೊಂಡದಾ ಮಗಾ?" ಎಂದು ಅಜ್ಜಿ ಮರುಗುತ್ತಿದ್ದಳು.

ಹರಳೆಣ್ಣೆಯಿಂದ ಬಟ್ಟಿ ಇಳಿಸಿದ್ದನ್ನು ಆಕ್ಸೈಮ್ ಎಂಬ ವಸ್ತುವಾಗಿ ಮಾಡಬೇಕು. ಅದನ್ನು ನೀರಿನ ಪಸೆಯೇ ಇಲ್ಲದ ಸ್ಪಿರಿಟ್ಟಿನಲ್ಲಿ ಕುದಿಸುತ್ತ, ಸೋಡಿಯಂ ತುಂಡುಗಳನ್ನು ಒಂದೊಂದಾಗಿ ಹಾಕಿದರೆ ಅವನಿಗೆ ಬೇಕಿದ್ದ ಅಮೀನ್ ಎಂಬ ದ್ರವ ಆಗುತ್ತದೆ. ಅಮೀನಿಗೆ ಥೇಟು ಕೊಳೆತ ಮೀನಿನ ವಾಸನೆ. ಸ್ಪಿರಿಟ್ಟಿನಲ್ಲಿ ತೇವ ಉಳಿದು ಸೋಡಿಯಮ್ಮೆಲ್ಲ ದಂಡವಾಗಿ ಮೂರು ಸಲ ಸೋತ. ಬಾಟಲಿಗೆ ಸಿಗದ ಅಮೀನ್ ಅಂಗಿಗೆ ಮಾತ್ರ ಧಾರಾಳವಾಗಿ ಸಿಕ್ಕಿತು!

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು, ಮೂಗಿಗೆ ಬಂದಿರಲಿಲ್ಲ. "ಮೀನು ತಿಂದು ಲಿಂಗ ಮುಟ್ತೀಯೇನ್ಲಾ? ಆ ಕೆಲ್ಸ ಬುಡೋಗಂಟ ಒಳಿಕ್ಕೆ ಕಾಲಿಕ್ಕಬ್ಯಾಡ!"

"ಬುಡಾಕಿಲ್ಲ ಕಣವ್ವ. ಅದ್ನೂ ಮಾಡ್ತೀನಿ, ಒಳಿಕ್ಕೂ ಬತ್ತೀನಿ," ಎಂದ ಚಿಕ್ಕಪ್ಪ.

ಅಂದಿನಿಂದ ಅವನ ಊಟ ಜಗಲಿಯ ಮೇಲೆ. ಮುದ್ದೆ ಕೊಟ್ಟು ಬಂದ ನನ್ನನ್ನು ಅಜ್ಜಿ ಒಳಗೆ ಕರೆದು, "ಎಷ್ಟು ಉಂಡ?" ಎಂದು ಮೆಲ್ಲಗೆ ಕೇಳುತ್ತಿದ್ದಳು.

ನಾಲ್ಕನೆಯ ಸಲ ಸ್ಪಿರಿಟ್ಟನ್ನು ಸುಟ್ಟ ಸುಣ್ಣದ ಮೇಲೆ ಎರಡೆರಡು ಬಾರಿ ಒಣಗಿಸಿ, ಚಿಕ್ಕಪ್ಪ ಗೆದ್ದೇಬಿಟ್ಟ. ಬೆರಳುದ್ದದ ಬಾಟಲಿಯಲ್ಲಿ ಅಮೀನ್ ತಂದು ಜಗಲಿಯ ಮೇಲೆಯೇ ಪ್ರಯೋಗ ನಡೆಸಿದ! ತಟ್ಟೆಗೆ ಒಂದು ಹನಿ ಬಿಟ್ಟ, ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮೇಲೆ ನಿಂಬೆಹಣ್ಣು ಹಿಂಡಿದ, ವಾಸನೆ ಮಾಯ!

"ಈಗ ಮೂಸವ್ವ. ಇದು ಮೀನಲ್ಲ, ನಿನ್ನ ಹರಳೆಣ್ಣೇನೇ ಕಣವ್ವ!"

ಅಜ್ಜಿ ಮೂಸಿದಳು. "ಮೀನ್ಗೂ ನಿಂಬೆಅಣ್ಣೇ ಇಂಡ್ತಾರಂತೆ ಕಣ್ಲಾ," ಎಂದು ಒಳಗೆ ಹೋದಳು.

ಇಷ್ಟಾದ ಮೇಲೆ ಬೇರೆಯವರಾದರೆ ಕೈಚೆಲ್ಲುತ್ತಿದ್ದರು. ಮುಂದಿನ ಶನಿವಾರ ಚಿಕ್ಕಪ್ಪ ಬಟ್ಟೆಗಳನ್ನೆಲ್ಲ ನಿಂಬೆ ನೀರಿನಲ್ಲಿ ನೆನೆಸಿ, ಮೈಗೂ ನಿಂಬೆ ಉಜ್ಜಿಕೊಂಡು ಬಂದ. ಅಜ್ಜಿ ಜಗಲಿಯಲ್ಲಿ ಕೂತಿದ್ದಳು. ಇವನು ಚಪ್ಪಲಿ ಕೈಯಲ್ಲಿ ಹಿಡಿದು, ಹೆಜ್ಜೆ ಸದ್ದಾಗದಂತೆ ಅವಳ ಮುಂದೆಯೇ ದಾಟಿ, ನಡುಮನೆಯಲ್ಲಿ ನಿಂತು ನನ್ನತ್ತ ಕಣ್ಣು ಮಿಟುಕಿಸಿದ. ನಗು ತಡೆಯಲಾರದೆ ನಾನು ಬಾಯಿ ಮುಚ್ಚಿಕೊಂಡೆ.

ಆಗ ಹೊರಗಿನಿಂದ ಅಜ್ಜಿ ನನ್ನನ್ನು ಕೂಗಿದಳು. "ಬಸ್ಸು ಬಂದೋಯ್ತು ಕಣವ್ವ, ವಾಸ್ನೇನೇ ಬರ್ನಿಲ್ಲ. ಬಾಗ್ಲಲ್ಲೇ ನಿಲ್ಲಿಸ್ಬುಟ್ಟೆ ಅಂತ ನನ್ ಮಗ ಬರ್ನಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಿಕ್ಕಪ್ಪನ ನಗು ಇಳಿದುಹೋಯಿತು. ಹೊರಗೆ ಬಂದು ಅವಳ ಕಾಲ ಬಳಿ ಕೂತ. ಜೇಬಿನಿಂದ ಆ ಪುಟ್ಟ ಬಾಟಲಿ ತೆಗೆದು ಬಿರಡೆ ಬಿಚ್ಚಿದ.

ಅಜ್ಜಿಯ ಕೈ ತಡಕಾಡಿ ಅವನ ತಲೆಯ ಮೇಲೆ ನಿಂತಿತು.

"ಬಂದ್ಯಾ ಮಗಾ? ಒಳಿಕ್ಕೆ ಬಾ, ಮುದ್ದೆ ಆರೋಯ್ತದೆ."